ಮಗ ಫೂಟಿ ಆಟಗಾರನೇ ಆಗುತ್ತೇನೆ ಅನ್ನುತ್ತಾನೆ, ಬಿಡಬಹುದೇ?

ಪ್ರಶ್ನೆ: ನಾವು ಹಾಸನದ ಕಡೆಯವರು. ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲಿ ನೆಲೆಸಿದ್ದೇವೆ. ಹದಿನಾಲ್ಕು ವರ್ಷದ ಮಗ ಚಿಕ್ಕಂದಿನಲ್ಲೇ, ಮಕ್ಕಳಿಗೆ ಫೂಟಿ ಕಲಿಸುವ ಆಸ್‌ಕಿಕ್‌ಗೆ ಸೇರಿದವನು, ಈಗ ಇಲ್ಲಿನ ಕ್ಲಬ್ಬಿನ ಜೂನಿಯರ್ ತಂಡದಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್, ಅಂದರೆ ಫೂಟಿ, ಆಡುತ್ತಾನೆ. ಆಟ ಇವನಿಗೆ ಒಲಿದಿದೆ ಎಂದು ಕೋಚ್ ಹೇಳಿದ್ದೇ ತಡ, ಈ ಆಟದ ರಾಷ್ಟ್ರೀಯ ವೃತ್ತಿಪರ ಲೀಗ್ ಆದ ಎಎಫ್‌ಎಲ್‌ನ ಆಟಗಾರನೇ ಆಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕ್ರಿಕೆಟ್ ಆಗಿದ್ದರೆ ನಮಗೂ ಒಂದಿಷ್ಟು ಗೊತ್ತಾಗುತ್ತಿತ್ತು. ಊರಿನಿಂದ ಮಾವನವರು ಫೋನ್ ಮಾಡಿದಾಗಲೆಲ್ಲ "ಚೆಂಡು ಒದ್ದರೆ ಹೊಟ್ಟೆ ತುಂಬುತ್ತೇನಮ್ಮಾ?" ಎನ್ನುತ್ತಾರೆ. ಈ ವೃತ್ತಿ ಎಷ್ಟು ವರ್ಷದ್ದು? ಸಂಪಾದನೆ ಹೇಗೆ? ತಲೆಗೆ ಪೆಟ್ಟಾಗುತ್ತದೆ ಎನ್ನುತ್ತಾರಲ್ಲ, ನಿಜವೇ? ಓದಿನ ಗತಿ ಏನು?

ಉತ್ತರ: ನಿಮ್ಮ ಮಾವನವರಿಂದಲೇ ಶುರು ಮಾಡೋಣ. ಹೊಟ್ಟೆ ತುಂಬುತ್ತದೆ, ಚೆನ್ನಾಗಿಯೇ ತುಂಬುತ್ತದೆ. ಆದರೆ ಎಷ್ಟು ವರ್ಷ, ಯಾವ ಊರಿನಲ್ಲಿ ಎನ್ನುವುದು ಆಟಗಾರನ ಕೈಯಲ್ಲಿಲ್ಲ. ಈ ವೃತ್ತಿಯ ಒಳ್ಳೆಯದು ಕೆಟ್ಟದ್ದೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಹುಟ್ಟುತ್ತದೆ. ನೀವು ಮನೆಯಲ್ಲಿ ಮಾಡಿಕೊಳ್ಳಬೇಕಾದ ತಯಾರಿಯೂ ಅದಕ್ಕೇ.

ಊರಿನಲ್ಲಿ ಕೂತು ಇದನ್ನು ಓದುವವರಿಗಾಗಿ ಆಟದ ಬಗ್ಗೆ ಎರಡು ಮಾತು. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆ 18 ಜನ. ಚೆಂಡನ್ನು ಒದೆಯಬಹುದು, ಇಲ್ಲವೇ ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವ ಹಾಗಿಲ್ಲ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ 1. ಎದುರಾಳಿಯ ಹೆಗಲ ಮೇಲೆ ಮಂಡಿಯೂರಿ ಹಾರಿ ಚೆಂಡು ಹಿಡಿಯುವುದೂ ಇಲ್ಲಿ ನಿಯಮಬದ್ಧ, ಮೊದಲ ಸಲ ನೋಡಿದವರು ಹೌಹಾರುತ್ತಾರೆ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲಿ ಎಂದು 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಮೆಲ್ಬರ್ನ್‌ನಲ್ಲಿ ಇಂಥದ್ದೊಂದು ಆಟದ ಮಾತೆತ್ತಿದ. ಮರುವರ್ಷವೇ ನಿಯಮಗಳನ್ನು ಬರೆದರು. ಹಾಗಾಗಿ ಕ್ರಿಕೆಟ್ ಅಲ್ಲವಲ್ಲ ಎಂದು ನೀವು ತೀರಾ ಬೇಸರ ಮಾಡಿಕೊಳ್ಳಬೇಕಿಲ್ಲ, ಒಂದೇ ಮನೆತನದ್ದು.

ಇನ್ನು ದಾರಿಯ ವಿಷಯ. ನಿಮ್ಮ ಮಗ ಈಗಿರುವುದು ಊರ ಕ್ಲಬ್ಬಿನ ಹಂತದಲ್ಲಿ. ಹದಿನೈದು, ಹದಿನಾರರ ಹೊತ್ತಿಗೆ ವಿಕ್ಟೋರಿಯಾದ ಒಳ್ಳೆಯ ಹುಡುಗರನ್ನು ಪ್ರದೇಶವಾರು ಕ್ಲಬ್ಬುಗಳು ಆರಿಸಿಕೊಳ್ಳುತ್ತವೆ. ನಿಮ್ಮ ಪಶ್ಚಿಮ ಭಾಗಕ್ಕೆ ವೆಸ್ಟರ್ನ್ ಜೆಟ್ಸ್. ಈ ಕ್ಲಬ್ಬುಗಳು ಆಡುವ 18ರೊಳಗಿನವರ ಟೂರ್ನಿಗೆ ಈಗ ಟ್ಯಾಲೆಂಟ್ ಲೀಗ್ ಎಂದು ಹೆಸರು. ಹಳಬರು ಇನ್ನೂ ಟಿಎಸಿ ಕಪ್ ಎಂದೇ ಕರೆಯುತ್ತಾರೆ. ಅಲ್ಲಿ ಮಿಂಚಿದವರು ರಾಜ್ಯ ತಂಡಕ್ಕೆ, ಅಲ್ಲಿಂದ ಕೆಲವರು ಅಕ್ಟೋಬರ್‌ನ ಡ್ರಾಫ್ಟ್ ಕಂಬೈನ್‌ಗೆ. ಕಂಬೈನ್ ಎಂದರೆ ಮೈಕಟ್ಟಿನ ಪರೀಕ್ಷೆ: 20 ಮೀಟರ್ ಓಟ, ನಿಂತಲ್ಲಿಂದ ಜಿಗಿತ, 2 ಕಿಲೋಮೀಟರ್ ಓಟ, ಜೊತೆಗೆ ಕ್ಲಬ್ಬುಗಳ ಸಂದರ್ಶನ. ಕೊನೆಗೆ ನವೆಂಬರ್‌ನಲ್ಲಿ ಡ್ರಾಫ್ಟ್, ಅಂದರೆ ಎಎಫ್‌ಎಲ್ ಕ್ಲಬ್ಬುಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವುದು. ದೇಶಕ್ಕೆಲ್ಲ 18 ಕ್ಲಬ್ಬು, 19ನೆಯದಾಗಿ 2028ರಲ್ಲಿ ಟಾಸ್ಮೇನಿಯಾ ಸೇರಬೇಕು. ರಾಷ್ಟ್ರೀಯ ಡ್ರಾಫ್ಟ್‌ನಲ್ಲಿ ಒಂದು ವರ್ಷಕ್ಕೆ ಆಯ್ಕೆಯಾಗುವವರು ಸುಮಾರು 60–70 ಹುಡುಗರು, ಅದಾದ ಮೇಲೆ ರೂಕಿ (ಹೊಸಬರ) ಪಟ್ಟಿಗೆ ಇನ್ನಷ್ಟು ಮಂದಿ. ಆಡುವವರ ಸಂಖ್ಯೆ ನೋಡಿದರೆ ಇದು ಬಹಳ ಸಣ್ಣ ಬಾಗಿಲು.

ನಿಮ್ಮಂಥ ಮನೆಗಳಿಗೆ ಒಂದು ವಿಷಯ ತಿಳಿದಿರುವುದು ಒಳ್ಳೆಯದು. ಕ್ಲಬ್ಬುಗಳಿಗೆ ತಮ್ಮ ತಮ್ಮ ವಲಯದಲ್ಲಿ ನೆಕ್ಸ್ಟ್ ಜನರೇಷನ್ ಅಕಾಡೆಮಿಗಳಿವೆ. ಮೂಲನಿವಾಸಿ ಮಕ್ಕಳು, ಏಷ್ಯಾ ಅಥವಾ ಆಫ್ರಿಕಾದಲ್ಲಿ ಹುಟ್ಟಿದ ತಂದೆತಾಯಿಯರ ಮಕ್ಕಳು ಇವಕ್ಕೆ ಸೇರಬಹುದು. 2020ರ ಡ್ರಾಫ್ಟ್‌ನ ಮೊದಲ ಆಯ್ಕೆ ಜಮಾರಾ ಊಗಲ್-ಹೇಗನ್ ವೆಸ್ಟರ್ನ್ ಬುಲ್‌ಡಾಗ್ಸ್‌ನ ಅಕಾಡೆಮಿಯಿಂದ ಬಂದವನು. ನಿಮ್ಮ ಕ್ಲಬ್ಬಿನ ಕೋಚ್ ಬಳಿ ಈ ಬಗ್ಗೆ ಕೇಳಿ. ನಮ್ಮವರು ಸಂಕೋಚದಿಂದ ಕೇಳುವುದೇ ಇಲ್ಲ.

ಡ್ರಾಫ್ಟ್ ಹೇಗೆ ನಡೆಯುತ್ತದೆ ಎಂದು ಅರ್ಥವಾದರೆ ಈ ವೃತ್ತಿಯ ಅರ್ಧ ಸ್ವಭಾವ ಅರ್ಥವಾದ ಹಾಗೆ. ನಮ್ಮ ಸಿಇಟಿ ಕೌನ್ಸೆಲಿಂಗ್‌ನಲ್ಲಿ ರ‍್ಯಾಂಕ್ ಬಂದ ಹುಡುಗ ಕಾಲೇಜನ್ನು ಆರಿಸುತ್ತಾನಲ್ಲ, ಇಲ್ಲಿ ತಿರುಗುಮುರುಗು: ಕಾಲೇಜೇ ಹುಡುಗನನ್ನು ಆರಿಸುತ್ತದೆ, ಹುಡುಗನಿಗೆ ಆಯ್ಕೆ ಇಲ್ಲ. ಆ ಹಂಗಾಮಿನ ಅಂಕಪಟ್ಟಿಯಲ್ಲಿ ಕೊನೆಯ ಸ್ಥಾನಕ್ಕೆ ಇಳಿದ ಕ್ಲಬ್ಬಿಗೆ ಮೊದಲ ಸರದಿ. 2023ರ ಮೊದಲ ಆಯ್ಕೆ ಹಾರ್ಲಿ ರೀಡ್ ವಿಕ್ಟೋರಿಯಾದ ಟಾಂಗಾಲಾ ಎಂಬ ಸಣ್ಣ ಊರಿನ ಹುಡುಗ. ಆರಿಸಿದ್ದು ವೆಸ್ಟ್ ಕೋಸ್ಟ್. ಅಂದರೆ ಹದಿನೆಂಟರ ಹುಡುಗ ಪೆಟ್ಟಿಗೆ ಕಟ್ಟಿಕೊಂಡು ಪರ್ತ್‌ಗೆ ಹೋಗಬೇಕು, ಮೆಲ್ಬರ್ನ್‌ನಿಂದ ವಿಮಾನದಲ್ಲಿ ನಾಲ್ಕು ಗಂಟೆ ದೂರ. ಅಪ್ಪ ಅದೇ ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ ಮಗನನ್ನು ಸೇರಿಸಿಕೊಳ್ಳುವ ಹಕ್ಕು ಆ ಕ್ಲಬ್ಬಿಗಿದೆ. ಹಾಸನದ ಅಪ್ಪಂದಿರಿಗೆ ಅದು ಉಪಯೋಗಕ್ಕೆ ಬಾರದು. ತನಗೆ ಬೇಕಾದ ಕ್ಲಬ್ಬಿಗೆ ಮುಕ್ತವಾಗಿ ಹೋಗುವ ಹಕ್ಕು 2012ರಲ್ಲಿ ಬಂತು, ಅದೂ ಒಂದೇ ಕ್ಲಬ್ಬಿನಲ್ಲಿ ಎಂಟು ವರ್ಷ ಕಳೆದವರಿಗೆ ಷರತ್ತಿನ ಮೇಲೆ, ಹತ್ತು ವರ್ಷ ಕಳೆದವರಿಗೆ ಪೂರ್ತಿಯಾಗಿ. ಲ್ಯಾನ್ಸ್ ಫ್ರಾಂಕ್ಲಿನ್ 2013ರಲ್ಲಿ ಹಾಥಾರ್ನ್ ಬಿಟ್ಟು ಒಂಬತ್ತು ವರ್ಷಕ್ಕೆ ಒಂದು ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಿಡ್ನಿಗೆ ಹೋದದ್ದು ಆ ಹಕ್ಕಿನ ಬಲದಿಂದ. ಆದರೆ ಬಹಳ ಜನ ಆಟಗಾರರು ಈ ವೃತ್ತಿಯಲ್ಲಿ ಎಂಟು ವರ್ಷ ಉಳಿಯುವುದೇ ಇಲ್ಲ.

ಡ್ರಾಫ್ಟ್ ಆದವನಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಎರಡು ವರ್ಷದ ಕರಾರು, ಮೊದಲ ಸುತ್ತಿನವರಿಗೆ ಈಗ ಸ್ವಲ್ಪ ಹೆಚ್ಚು. ಕ್ಲಬ್ಬಿನ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗರಿರುತ್ತಾರೆ, ವಾರಾಂತ್ಯದ ಪಂದ್ಯಕ್ಕೆ ಆರಿಸುವುದು ಅದರಲ್ಲಿ ಅರ್ಧದಷ್ಟು ಮಂದಿಯನ್ನು. ಉಳಿದವರು ವಿಎಫ್‌ಎಲ್‌ನಂಥ ಕೆಳಗಿನ ಲೀಗ್‌ನಲ್ಲಿ ಕೆಲವೇ ಸಾವಿರ ಜನರ ಮುಂದೆ ಆಡುತ್ತಾರೆ. ಗುರುವಾರ ಸಂಜೆ ತಂಡ ಪ್ರಕಟವಾಗುವ ತನಕ ಹೊಟ್ಟೆಯಲ್ಲಿ ತಳಮಳ. ಒಂದು ವರ್ಷ ಇದು ಸಹ್ಯ. ಎರಡನೇ ವರ್ಷವೂ ಹೀಗೇ ಆದರೆ ಸೆಪ್ಟೆಂಬರ್‌ನಲ್ಲಿ ಕೋಚ್ ತನ್ನ ಕೋಣೆಗೆ ಕರೆದು ಹತ್ತು ನಿಮಿಷ ಮಾತಾಡುತ್ತಾನೆ. ಹುಡುಗ ಡೀಲಿಸ್ಟ್ ಆದ, ಅಂದರೆ ಕ್ಲಬ್ಬಿನ ಪಟ್ಟಿಯಿಂದ ಹೊರಬಿದ್ದ. ಇಪ್ಪತ್ತು ವರ್ಷ, ಆಡಿದ್ದು ನಾಲ್ಕೋ ಐದೋ ಪಂದ್ಯ. ನಾನು ಯುವ ಕ್ರೀಡಾಪಟುಗಳ ಓದು, ಉದ್ಯೋಗದ ಸಲಹೆಗಾರನಾಗಿ ಕೆಲಸ ಮಾಡುವವನು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಇಂಥವರೇ. ಟಿವಿಯಲ್ಲಿ ಕಾಣುವವರು ಬೇರೆ.

ಡ್ರಾಫ್ಟ್‌ನ ಸಂಖ್ಯೆಯನ್ನೂ ಅತಿಯಾಗಿ ನಂಬಬೇಡಿ. 2001ರಲ್ಲಿ 58ನೆಯವನಾಗಿ ಕಾಲಿಂಗ್‌ವುಡ್ ಸೇರಿದ ಡೇನ್ ಸ್ವಾನ್ 2011ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಗೆದ್ದ. ಮಾರ್ಲಿಯನ್ ಪಿಕೆಟ್‌ನನ್ನು ರಿಚ್‌ಮಂಡ್ 2019ರ ನಡುಹಂಗಾಮಿನ ಡ್ರಾಫ್ಟ್‌ನಲ್ಲಿ ತೆಗೆದುಕೊಂಡಾಗ ಆತನಿಗೆ 27 ವರ್ಷ. ಅದೇ ಸೆಪ್ಟೆಂಬರ್‌ನ ಗ್ರ್ಯಾಂಡ್ ಫೈನಲ್ ಅವನ ಮೊಟ್ಟಮೊದಲ ಪಂದ್ಯ. ಎಂಸಿಜಿಯಲ್ಲಿ ಲಕ್ಷ ಜನ, ತಂಡ ಗೆದ್ದಿತು. ಫೈನಲ್‌ನಲ್ಲೇ ಪದಾರ್ಪಣೆ ಮಾಡಿದವರು 1952ರ ನಂತರ ಬೇರೆ ಯಾರೂ ಇರಲಿಲ್ಲ. ಡಬ್ಲಿನ್‌ನ ಜಿಮ್ ಸ್ಟೈನ್ಸ್ ಹದಿನೆಂಟರಲ್ಲಿ ಐರ್ಲೆಂಡಿನಿಂದ ಬಂದವನು, ಅಲ್ಲಿಯತನಕ ಈ ಚೆಂಡನ್ನು ಆಡಿದವನೇ ಅಲ್ಲ. 1991ರಲ್ಲಿ ಬ್ರೌನ್‌ಲೋ ಗೆದ್ದ, ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದ. ಇವೆಲ್ಲ ಅಪರೂಪದ ಕಥೆಗಳೇ. ಆದರೂ ಹದಿನೆಂಟಕ್ಕೆ ಬಾಗಿಲು ಮುಚ್ಚಿದರೆ ಎಲ್ಲ ಮುಗಿಯಿತು ಎಂದು ಅಳುವ ಹುಡುಗನಿಗೆ ಹೇಳಲು ಇವು ಬೇಕಾಗುತ್ತವೆ. ಇನ್ನೊಂದು ತುದಿಯಲ್ಲಿ ಬ್ರೆಂಟ್ ಹಾರ್ವಿ ಇದ್ದಾನೆ: 1996ರಿಂದ 2016ರವರೆಗೆ ನಾರ್ತ್ ಮೆಲ್ಬರ್ನ್‌ಗೆ 432 ಪಂದ್ಯ, ನಿವೃತ್ತಿಯಾದಾಗ 38 ವರ್ಷ. ಹಾಗಿದ್ದೂ ಇನ್ನೊಂದು ವರ್ಷ ಆಡುವ ಆಸೆ ಅವನಿಗಿತ್ತು. ಬೇಡ ಎಂದದ್ದು ಕ್ಲಬ್ಬು.

ಹಣ. ಆಟಗಾರರ ಸಂಘಕ್ಕೂ ಎಎಫ್‌ಎಲ್‌ಗೂ 2023ರಲ್ಲಿ ಐದು ವರ್ಷದ ಒಪ್ಪಂದವಾಯಿತು. ಗಂಡಸರ, ಹೆಂಗಸರ ಲೀಗ್ ಎರಡೂ ಸೇರಿ 220 ಕೋಟಿ ಡಾಲರ್. 2027ರ ಹೊತ್ತಿಗೆ ಗಂಡಸರ ಸರಾಸರಿ ಸಂಬಳ ವರ್ಷಕ್ಕೆ ಐದು ಲಕ್ಷ ಡಾಲರ್ ದಾಟುವ ಲೆಕ್ಕ. ಮಾವನವರಿಗೆ ಹೇಳುವಾಗ ಈ ಅಂಕಿಯನ್ನು ರೂಪಾಯಿಗೆ ಗುಣಿಸಬೇಡಿ, ಅನಾವಶ್ಯಕ ಆಸೆ ಹುಟ್ಟುತ್ತದೆ. ಸರಾಸರಿಯನ್ನು ಮೇಲಕ್ಕೆಳೆಯುವವರು ಮಿಲಿಯನ್ ಡಾಲರ್‌ನ ಕೆಲವೇ ತಾರೆಗಳು. ಹೊಸಬನಿಗೆ ಮೂಲ ಸಂಬಳ ಲಕ್ಷ ಡಾಲರ್‌ನ ಆಸುಪಾಸು, ಮೇಲಿನ ತಂಡದಲ್ಲಿ ಆಡಿದ ಪ್ರತಿ ಪಂದ್ಯಕ್ಕೆ ಬೇರೆ ಹಣ, ಅದರಲ್ಲಿ ತೆರಿಗೆ ಕಡಿತ. ಹತ್ತೊಂಬತ್ತರ ಹುಡುಗನಿಗೆ ಅದು ದೊಡ್ಡ ಮೊತ್ತವೇ. ಅಪಾಯ ಇರುವುದೂ ಅಲ್ಲೇ. ಮೂರು ವರ್ಷ ಹಾಗೆ ಗಳಿಸಿ, ಒಳ್ಳೆಯ ಕಾರು ಕೊಂಡು, ಇಪ್ಪತ್ತೆರಡರಲ್ಲಿ ಡಿಗ್ರಿಯೂ ಇಲ್ಲದೆ ಅನುಭವವೂ ಇಲ್ಲದೆ ಕೆಲಸ ಹುಡುಕುವುದು ಎಂಥ ಕಷ್ಟ ಎನ್ನುವುದು ಆ ಸ್ಥಿತಿಗೆ ಬಂದವನಿಗೇ ಗೊತ್ತು.

ಈಗ ನೀವು ನಿಜವಾಗಿ ಹೆದರಿರುವ ವಿಷಯಕ್ಕೆ ಬರುತ್ತೇನೆ. ತಲೆಗೆ ಪೆಟ್ಟಾಗುವುದು ನಿಜ. ಈ ಆಟದಲ್ಲಿ ಪೆಟ್ಟು ಮುಂದಿನಿಂದ ಮಾತ್ರ ಬರುವುದಿಲ್ಲ, ಸುತ್ತ 360 ಡಿಗ್ರಿಯಿಂದಲೂ ಬರುತ್ತದೆ. 2014ರ ಡ್ರಾಫ್ಟ್‌ನ ಮೊದಲ ಆಯ್ಕೆ ಪ್ಯಾಡಿ ಮೆಕಾರ್ಟಿನ್ ಮತ್ತೆ ಮತ್ತೆ ತಲೆಗೆ ಏಟು ತಿಂದು ಹೊರಗುಳಿದ, ವರ್ಷಗಳ ನಂತರ ಸಿಡ್ನಿ ತಂಡಕ್ಕೆ ಮರಳಿ ಬಂದ, ಕೊನೆಗೆ 2023ರಲ್ಲಿ ಬಿಡಲೇಬೇಕಾಯಿತು. ಮೆಲ್ಬರ್ನ್ ತಂಡದ ಆಂಗಸ್ ಬ್ರೇಷಾ 2023ರ ಫೈನಲ್ಸ್ ಪಂದ್ಯವೊಂದರಲ್ಲಿ ಎಚ್ಚರ ತಪ್ಪಿ ಬಿದ್ದವನು, ಮರುವರ್ಷ ಫೆಬ್ರವರಿಯಲ್ಲಿ 28ನೇ ವಯಸ್ಸಿಗೆ ನಿವೃತ್ತನಾದ. ಬ್ರೇಷಾ ಹೆಲ್ಮೆಟ್ ಹಾಕಿಕೊಂಡೇ ಆಡುತ್ತಿದ್ದ. ಮೆತ್ತನೆಯ ಆ ಟೊಪ್ಪಿಗೆ ಚರ್ಮದ ಗಾಯವನ್ನು ತಡೆಯುತ್ತದೆಯೇ ಹೊರತು ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಹೆಲ್ಮೆಟ್ ಕೊಡಿಸಿದ್ದೇವಲ್ಲ ಎಂದು ಧೈರ್ಯವಾಗಿರುವ ತಂದೆತಾಯಿಯರು ಇದನ್ನು ಗಮನಿಸಬೇಕು.

ಇದಕ್ಕಿಂತ ಭಾರವಾದದ್ದು ದೀರ್ಘಕಾಲದ ಮಾತು. ಪದೇ ಪದೇ ತಲೆಗೆ ಪೆಟ್ಟು ಬಿದ್ದವರ ಮಿದುಳಿನಲ್ಲಿ ವರ್ಷಗಳ ನಂತರ ಕಾಣಿಸಿಕೊಳ್ಳುವ ಸಿಟಿಇ ಎಂಬ ಕಾಯಿಲೆ ಇದೆ. ಖಚಿತವಾಗಿ ಗೊತ್ತಾಗುವುದು ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿದಾಗಲೇ. ಈ ಆಟದವರಲ್ಲಿ ಮೊದಲು ಅದು ಪತ್ತೆಯಾದದ್ದು 2020ರಲ್ಲಿ, ಹಿಂದಿನ ತಲೆಮಾರಿನ ದೊಡ್ಡ ಹೆಸರು ಗ್ರಹಾಂ ಫಾರ್ಮರ್ ಅವರ ಮಿದುಳಿನಲ್ಲಿ. ಆಮೇಲೆ ಡ್ಯಾನಿ ಫ್ರಾಲಿ, ಶೇನ್ ಟಕ್. 2023ರಲ್ಲಿ, ಮಹಿಳಾ ಲೀಗ್‌ನಲ್ಲಿ ಆಡಿದ್ದ ಹೆದರ್ ಆಂಡರ್ಸನ್. ಇದರಿಂದ ನಿಯಮಗಳು ಬಿಗಿಯಾದವು. ಎಎಫ್‌ಎಲ್‌ನಲ್ಲಿ ಕನ್ಕಷನ್ (ಪೆಟ್ಟಿನಿಂದ ಮಿದುಳು ಅಲುಗಿದ ಸ್ಥಿತಿ) ಆದವನು ಕನಿಷ್ಠ 12 ದಿನ ಆಡುವಂತಿಲ್ಲ. ಊರ ಕ್ಲಬ್ಬುಗಳಲ್ಲಿ, ಅಂದರೆ ನಿಮ್ಮ ಮಗನಿಗೆ, ಅದು 21 ದಿನ. ಮಗ "ಏನೂ ಆಗಿಲ್ಲಮ್ಮ" ಎನ್ನುತ್ತಾನೆ, ಫೈನಲ್ ಹತ್ತಿರವಿದ್ದರೆ ಯಾರೋ ಒಬ್ಬ ದೊಡ್ಡವರೂ ಹಾಗೇ ಅನ್ನಬಹುದು. ಒಪ್ಪಬೇಡಿ. ಈ ಒಂದು ವಿಷಯದಲ್ಲಿ ತಾಯಿಯ ಹಟವೇ ಸರಿ. ಹೆದರಿ ಆಟವನ್ನೇ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಎರಡನೇ ಸಲ, ಮೂರನೇ ಸಲ ಆದರೆ ಈ ವಿಷಯ ತಿಳಿದ ವೈದ್ಯರ ಮುಂದೆ ಕೂತು ಆ ಮಾತನ್ನೂ ಆಡಬೇಕು ಎನ್ನುತ್ತಿದ್ದೇನೆ.

ಮಂಡಿಯ ಕಥೆ ಬೇರೆ. ಓಡುತ್ತಾ ಥಟ್ಟನೆ ತಿರುಗಿದಾಗ, ಹಾರಿ ಒಂದೇ ಕಾಲಿನ ಮೇಲೆ ಇಳಿದಾಗ ಮಂಡಿಯೊಳಗಿನ ಎಸಿಎಲ್ ಎಂಬ ತಂತುಕಟ್ಟು ಹರಿಯುತ್ತದೆ. ಶಸ್ತ್ರಚಿಕಿತ್ಸೆ, ಸುಮಾರು ಒಂದು ವರ್ಷ ಹೊರಗೆ. ಎರಡು ವರ್ಷದ ಕರಾರಿನಲ್ಲಿ ಒಂದು ವರ್ಷ ಹೋದರೆ ಏನುಳಿಯಿತು ಲೆಕ್ಕ ಹಾಕಿ. ಸಿಡ್ನಿಯ ಅಲೆಕ್ಸ್ ಜಾನ್ಸನ್ 2012ರಲ್ಲಿ ಚಾಂಪಿಯನ್ ತಂಡದಲ್ಲಿದ್ದ, ಇಪ್ಪತ್ತರ ಹುಡುಗ. ಆ ಫೈನಲ್ ಆದ ಮೇಲೆ ಮಂಡಿ ಮತ್ತೆ ಮತ್ತೆ ಕೈಕೊಟ್ಟು, ಐದು ಶಸ್ತ್ರಚಿಕಿತ್ಸೆ ಮುಗಿಸಿ, 2018ರ ಆಗಸ್ಟ್‌ನಲ್ಲಿ ಮರಳಿದ. ಮರಳಿದ ಎರಡನೇ ಪಂದ್ಯದಲ್ಲೇ ಇನ್ನೊಂದು ಮಂಡಿ ಹೋಯಿತು. ನನಗೆ ಈ ಆಟದಲ್ಲಿ ಇದಕ್ಕಿಂತ ಕ್ರೂರವಾದ ಘಟನೆ ನೆನಪಿಲ್ಲ.

ದೇಹಕ್ಕೆ ಏನೂ ಆಗದೆಯೂ ವೃತ್ತಿ ಮುಗಿಯಬಹುದು. 2013ರ ಮೊದಲ ಆಯ್ಕೆ ಟಾಮ್ ಬಾಯ್ಡ್ ಒಂದೇ ವರ್ಷದಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್‌ಗೆ ಬಂದ, ಏಳು ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್‌ನ ಕರಾರಿನಲ್ಲಿ. ಹತ್ತೊಂಬತ್ತರ ಹುಡುಗನ ಪ್ರತಿ ತಪ್ಪು ಒದೆತಕ್ಕೂ ಜನ ಆ ಮೊತ್ತವನ್ನೇ ಎತ್ತಿ ಆಡಿದರು. 62 ವರ್ಷದ ನಂತರ ಬುಲ್‌ಡಾಗ್ಸ್ ಗೆದ್ದ 2016ರ ಫೈನಲ್‌ನಲ್ಲಿ ಗೆಲುವು ಗಟ್ಟಿ ಮಾಡಿದ ದೂರದ ಗೋಲ್ ಅವನದೇ. ಆದರೂ 2019ರಲ್ಲಿ, 23ರಲ್ಲಿ, ಖಿನ್ನತೆ ಮತ್ತು ಆತಂಕದಿಂದ ಬಳಲಿ ಕರಾರಿನ ಉಳಿದ ಹಣವನ್ನೂ ಬಿಟ್ಟು ಹೊರಬಂದ. ಒಟ್ಟು ಆಡಿದ್ದು 61 ಪಂದ್ಯ. ಅದನ್ನು ಸೋಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತನಗೇನು ಬೇಕು ಎಂದು ಇಷ್ಟು ಸ್ಪಷ್ಟವಾಗಿ ಗೊತ್ತಿದ್ದ ಇಪ್ಪತ್ತಮೂರರ ಹುಡುಗರು ಕಡಿಮೆ.

ಮೈಬಣ್ಣದ ಮಾತನ್ನೂ ಮುಚ್ಚಿಡುವುದು ತಪ್ಪು. ಮೂಲನಿವಾಸಿ ಆಟಗಾರ ಆಡಮ್ ಗುಡ್ಸ್ ಎರಡು ಬ್ರೌನ್‌ಲೋ ಗೆದ್ದವರು, 372 ಪಂದ್ಯ ಆಡಿದವರು, 2014ರ ಸಾಲಿನ ವರ್ಷದ ಆಸ್ಟ್ರೇಲಿಯನ್ ಗೌರವ ಪಡೆದವರು. ಅಂಥವರು ಚೆಂಡು ಮುಟ್ಟಿದಾಗಲೆಲ್ಲ ಪ್ರೇಕ್ಷಕರು ಹೀಯಾಳಿಸಿ ಕೂಗುತ್ತಿದ್ದರು. 2015ರಲ್ಲಿ ಅವರು ಆಟ ಬಿಟ್ಟರು, ಎಎಫ್‌ಎಲ್ ಕ್ಷಮೆ ಕೇಳಿದ್ದು 2019ರಲ್ಲಿ. ಜನಾಂಗೀಯ ನಿಂದನೆಯ ವಿರುದ್ಧ ನಿಯಮ 1995ರಿಂದಲೇ ಇದೆ, ಜೂನಿಯರ್ ಹಂತದಲ್ಲೂ ದೂರು ಕೊಡುವ ವ್ಯವಸ್ಥೆ ಇದೆ. ಮಗ ಮನೆಗೆ ಬಂದು ಒಂದು ದಿನ ಸುಮ್ಮನೆ ಕೂತರೆ, ಪಂದ್ಯದಲ್ಲಿ ಯಾರಾದರೂ ಏನಾದರೂ ಅಂದರಾ ಎಂದು ನೀವೇ ಕೇಳಿ. ಮಕ್ಕಳು ತಾವಾಗಿ ಹೇಳುವುದಿಲ್ಲ.

ಓದಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ವಿಕ್ಟೋರಿಯಾದಲ್ಲಿ ಹನ್ನೆರಡನೇ ತರಗತಿಯ ವಿಸಿಇ ಪರೀಕ್ಷೆಯೂ ಕಂಬೈನ್, ಡ್ರಾಫ್ಟ್‌ಗಳೂ ಅಕ್ಟೋಬರ್–ನವೆಂಬರ್‌ನಲ್ಲೇ ಒಟ್ಟಿಗೆ ಬರುತ್ತವೆ. ಪರೀಕ್ಷೆ ಮುಂದಿನ ವರ್ಷ ಬರೆದರಾಯಿತು ಎನ್ನುವ ಆಸೆ ಆ ತಿಂಗಳಲ್ಲೇ ಹುಟ್ಟುವುದು. ಬರೆಸಿ. ಕ್ಲಬ್ಬುಗಳು ಸಂದರ್ಶನದಲ್ಲಿ ಓದನ್ನು ವಿಚಾರಿಸುತ್ತವೆ. ಎರಡು ಕೆಲಸವನ್ನು ಒಟ್ಟಿಗೆ ನಿಭಾಯಿಸುವ ಹುಡುಗ ಅವರಿಗೆ ಬೇಕು. ಒಳಗೆ ಹೋದ ಮೇಲೂ ಆಟಗಾರರ ಸಂಘದಿಂದ ಓದಿಗೆ ನೆರವಿದೆ, ವಾರದಲ್ಲಿ ಬಿಡುವೂ ಸಿಗುತ್ತದೆ. ಅರೆಕಾಲಿಕವಾಗಿ ವರ್ಷಕ್ಕೆ ಎರಡೋ ಮೂರೋ ವಿಷಯ ಮುಗಿಸುತ್ತಾ ಹೋದವನು ಡೀಲಿಸ್ಟ್ ಆದ ದಿನ ಅರ್ಧ ಡಿಗ್ರಿಯೊಂದಿಗೆ ಹೊರಬರುತ್ತಾನೆ. ಆ ಬಿಡುವನ್ನು ಗಾಲ್ಫ್‌ನಲ್ಲಿ ಕಳೆದವನು ಬರಿಗೈಯಲ್ಲಿ ಬರುತ್ತಾನೆ. ನಿಮ್ಮ ಭಾಗದಲ್ಲೇ ಮ್ಯಾರಿಬರ್ನಾಂಗ್‌ನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿನ ಜೊತೆಗೆ ಕ್ರೀಡಾ ಅಕಾಡೆಮಿ ಇದೆ, ವಿಚಾರಿಸಿ ನೋಡಿ.

ಕ್ರಿಕೆಟ್ ಬಿಡಿಸಬೇಡಿ. ಬೇಸಿಗೆಯಲ್ಲಿ ಅದು, ಚಳಿಗಾಲದಲ್ಲಿ ಇದು ಎಂದು ಹದಿನಾರರ ತನಕ ಎರಡೂ ನಡೆಯಲಿ. ಒಂದೇ ಆಟವನ್ನು ವರ್ಷಪೂರ್ತಿ ಆಡಿದ ಮಕ್ಕಳ ಮೈ ಬೇಗ ಸವೆಯುತ್ತದೆ. ಅಲೆಕ್ಸ್ ಕೀತ್ ಎಂಬ ಹುಡುಗ ಗೋಲ್ಡ್ ಕೋಸ್ಟ್ ಕ್ಲಬ್ಬು ಕರೆದರೂ ಬೇಡವೆಂದು ವಿಕ್ಟೋರಿಯಾ ಪರ ಕ್ರಿಕೆಟ್ ಆರಿಸಿಕೊಂಡ. ಅಲ್ಲಿ ಕರಾರು ಮುಗಿದಾಗ 2015ರಲ್ಲಿ ಅಡಿಲೇಡ್ ಕ್ಲಬ್ಬು ಸೇರಿ, ಆಮೇಲೆ ಎಎಫ್‌ಎಲ್‌ನಲ್ಲಿ ಒಳ್ಳೆಯ ರಕ್ಷಣಾ ಆಟಗಾರನೆನಿಸಿದ. ಹದಿನಾಲ್ಕಕ್ಕೆ ಏಜೆಂಟ್, ಖಾಸಗಿ ಕೋಚ್, ಪೌಡರ್ ಡಬ್ಬ ಯಾವುದೂ ಬೇಡ. ಪೌಡರ್ ಅಂತೂ ಬೇಡವೇ ಬೇಡ. ಎಸೆಂಡನ್ ಕ್ಲಬ್ಬು ನಡೆಸಿದ ಚುಚ್ಚುಮದ್ದಿನ ಕಾರ್ಯಕ್ರಮದಿಂದಾಗಿ 2016ರಲ್ಲಿ 34 ಆಟಗಾರರು ಒಂದಿಡೀ ವರ್ಷ ನಿಷೇಧಕ್ಕೊಳಗಾದರು, ಜೋಬ್ ವಾಟ್ಸನ್ ತನ್ನ ಬ್ರೌನ್‌ಲೋ ಪದಕವನ್ನೇ ಕಳೆದುಕೊಂಡ. ಕ್ಲಬ್ಬು ಕೊಟ್ಟಿದ್ದು ಎಂಬ ಸಬೂಬು ನಡೆಯಲಿಲ್ಲ. ಮೈಯೊಳಗೆ ಹೋದದ್ದಕ್ಕೆ ಆಟಗಾರನೇ ಹೊಣೆ.

ಕೊನೆಯದಾಗಿ, ಕೈಖರ್ಚಿನ ದುಡ್ಡಿಗಾಗಿ ಅವನು ಮುಂದೆ ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಹುಡುಕುವ ಬದಲು ನಿಮ್ಮ ಭಾಗದ ಲೀಗ್‌ನಲ್ಲಿ ಅಂಪೈರಿಂಗ್ ತರಬೇತಿಗೆ ಸೇರಿಸಿ. ಈ ವಯಸ್ಸಿನ ಮಕ್ಕಳನ್ನು ತಮಗಿಂತ ಚಿಕ್ಕವರ ಪಂದ್ಯಗಳಿಗೆ ತೆಗೆದುಕೊಳ್ಳುತ್ತಾರೆ, ಪಂದ್ಯಕ್ಕಿಷ್ಟು ಎಂದು ಹಣ ಕೊಡುತ್ತಾರೆ, ಅಂಪೈರ್‌ಗಳ ಕೊರತೆಯಂತೂ ಎಲ್ಲ ಲೀಗ್‌ಗೂ ಇದೆ. ಓಟದ ಅಭ್ಯಾಸ ಆಗುತ್ತದೆ, ನಿಯಮ ಬಾಯಿಪಾಠವಾಗುತ್ತದೆ. ಎಎಫ್‌ಎಲ್ ಪಂದ್ಯವೊಂದಕ್ಕೆ 2023ರಿಂದ ಮೈದಾನದೊಳಗೆ ನಾಲ್ವರು ಅಂಪೈರ್‌ಗಳಿದ್ದಾರೆ, ಮೊದಲು ಮೂವರೇ ಇದ್ದರು. ಆ ಕೆಲಸಕ್ಕೆ ಡ್ರಾಫ್ಟ್ ಇಲ್ಲ, ಮೂವತ್ತೈದು ದಾಟಿದವರೂ ಆರಾಮಾಗಿ ಮುಂದುವರಿಯುತ್ತಾರೆ. ಮುಂದಿನ ಹಂಗಾಮಿನ ನೋಂದಣಿಯ ವಿವರ ನಿಮ್ಮ ಕ್ಲಬ್ಬಿನ ಕಾರ್ಯದರ್ಶಿಯ ಬಳಿ ಸಿಗುತ್ತದೆ.